ಖಾಲಿ ವ್ಯಾನಿನ ತೂಕ

ಮಾರ್ಚ್ 3, ಸಂಜೆ
ಮತ್ತೆ ಟೇಪು, ಸೀಮೆಸುಣ್ಣ, ಮಂಡಿನೋವು. ಅಪಘಾತವಾದ ಗಾಡಿಗಳ ವೇಗ ಅಳೆಯುವ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ — ರಸ್ತೆಯ ಮೇಲೆ ಕೂತಷ್ಟು ಮನೆಯ ಸೋಫಾದ ಮೇಲೆ ಕೂತಿಲ್ಲ.
ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿಗೆ ಟೈಲ್ಸ್ ಅಂಗಡಿಯ ವ್ಯಾನ್ ಹಿಂದಿನಿಂದ ಗುದ್ದಿದೆ. ಎರಡೂ ಕಚ್ಚಿಕೊಂಡು ನಾಲ್ಕು ಮೀಟರ್ ಉಜ್ಜಿಕೊಂಡು ಹೋಗಿವೆ. ಕಾರಿನಲ್ಲಿದ್ದ ಹೆಂಗಸಿಗೆ ಕೈ ಮುರಿದಿದೆ.
ಡ್ರೈವರ್ ನನ್ನ ಹಿಂದೆಯೇ ಸುತ್ತುತ್ತಿದ್ದ. "ಬಿಸಿಲು ಕಣ್ಣಿಗೆ ಹೊಡೀತು. ಗುದ್ದಿದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ನಲವತ್ತು ದಾಟಿರ್ಲಿಲ್ಲ. ಲೋಡು ತಳ್ತು ಮೇಡಂ."
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಾರ್ಚ್ 5
ರಿಪೋರ್ಟ್ ಮುಗಿಯಿತು. ಉಜ್ಜಿದ ಗುರುತಿನ ಪ್ರಕಾರ, ಕಚ್ಚಿಕೊಂಡ ಮೇಲಿನ ವೇಗ ಗಂಟೆಗೆ 24 ಕಿ.ಮೀ. ಕಾರು ಒಂದು ಟನ್. ವ್ಯಾನ್ — ಆರ್‌ಸಿಯಲ್ಲಿರುವಂತೆ — ಒಂದು ಟನ್. ಗುದ್ದುವ ಮುಂಚೆ ಸಂವೇಗವೆಲ್ಲ — ತೂಕ ಗುಣಿಸು ವೇಗ — ವ್ಯಾನಿನದೇ, ಆಮೇಲೆ ಎರಡು ಗಾಡಿಗಳ ಪಾಲು. ಅಂದರೆ ವ್ಯಾನ್ 48ರಲ್ಲಿತ್ತು. ಮಿತಿ 40. ತಗಡು ನುಜ್ಜುಗುಜ್ಜಾಗುವಾಗ ಶಕ್ತಿ ಸೋರಿಹೋಗುತ್ತದೆ, ಸಂವೇಗ ಸೋರುವುದಿಲ್ಲ.
ಕಳಿಸಿದೆ.

ಮಾರ್ಚ್ 11
ಡ್ರೈವರನ ಹೆಂಡತಿ ಆಫೀಸಿಗೆ ಬಂದಿದ್ದರು. 19ಕ್ಕೆ ವಿಚಾರಣೆ. "ಮಿತಿ ದಾಟಿದ್ರು ಅಂತಾದ್ರೆ ಲೈಸೆನ್ಸೇ ಹೋಗುತ್ತಂತೆ ಮೇಡಂ. ಅವ್ರಿಗೆ ಬೇರೆ ಕೆಲ್ಸ ಬರಲ್ಲ."
"ಅದನ್ನ ನಾನು ಬರೆದಿದ್ದಲ್ಲಮ್ಮಾ, ರಸ್ತೆ ಬರೆದಿದ್ದು," ಅಂದೆ. ಒಳ್ಳೇ ಮಾತಾಡಿದೆ ಅನ್ನಿಸಿತು. ಊಟ ಮಾತ್ರ ಸೇರಲಿಲ್ಲ.

ಮಾರ್ಚ್ 14, ಮಧ್ಯಾಹ್ನ
ಆಫೀಸಿನ ಸ್ಟೋರ್‌ಕೀಪರ್ ಜೊತೆ ಕೇರಂ. ಸ್ಟ್ರೈಕರ್ ಕಳೆದಿದೆ. ಕಪ್ಪು ಕಾಯನ್ನೇ ಸ್ಟ್ರೈಕರ್ ಮಾಡಿಕೊಂಡು ಹೊಡೆದೆ. ಅದು ಅಲ್ಲೇ ನಿಂತಿತು, ಬಿಳಿ ಕಾಯಿ ಓಡಿತು. ಇವು ಪುಟಿಯುವ ಜಾತಿ, ಗಾಡಿಗಳಂತೆ ಅಂಟಿಕೊಳ್ಳುವುದಿಲ್ಲ. ಸಂವೇಗದ ಲೆಕ್ಕ ಮಾತ್ರ ಎರಡಕ್ಕೂ ಒಂದೇ. ಎರಡು ಕಾಯಿ ಒಟ್ಟಿಗಿದ್ದ ಕಡೆ ಎಷ್ಟು ಹೊಡೆದರೂ ಹೆಚ್ಚು ಜರುಗಲಿಲ್ಲ.
"ಇದಕ್ಕೆ ತೂಕ ಎಲ್ಲಿದೆ ಮೇಡಂ?" ಅಂದ. "ಸ್ಟ್ರೈಕರ್ ಆಗಿದ್ರೆ ಮೆತ್ತಗೆ ಬಿಟ್ರೂ ತಳ್ಕೊಂಡು ಹೋಗೋದು."
ತಳ್ಕೊಂಡು... ಲೋಡು ತಳ್ತು ಮೇಡಂ.
ಎದ್ದುಬಿಟ್ಟೆ.

ಅದೇ ದಿನ, 4 ಗಂಟೆ
ಟೈಲ್ಸ್ ಅಂಗಡಿಯವನಿಗೆ ಫೋನ್. "ಲೋಡಾ? ಒಂದು ಟನ್ ಇತ್ತು. ಗಿರಾಕಿ ಕಾಯ್ತಿದ್ರಲ್ಲ, ನೀವು ಬರೋಕೆ ಮುಂಚೇನೇ ಬೇರೆ ಗಾಡಿಗೆ ಹಾಕ್ಸಿ ಕಳಿಸ್ದೆ."
ನಾನು ಕಂಡದ್ದು ಖಾಲಿ ವ್ಯಾನು. ಫಾರಂನಲ್ಲಿ 'ತೂಕ' ಅಂತ ಒಂದೇ ಸಾಲು. ಆರ್‌ಸಿಯಲ್ಲಿರುವ ಖಾಲಿ ಗಾಡಿಯ ತೂಕ ನೋಡಿ ತುಂಬುವುದು ಎಲ್ಲರ ಅಭ್ಯಾಸ, ನನ್ನದೂ. ಲೋಡು ಸೇರಿಸಿ ವ್ಯಾನಿನ ತೂಕ ಎರಡು ಟನ್ ಅಂತ ಲೆಕ್ಕ ಹಾಕಿ ನೋಡಿದೆ. 36.
ಮೂವತ್ತಾರು. ನಿಜ ಹೇಳಿದವನ ಬಗ್ಗೆ ಗಾದೆ ಬರೆದಿಟ್ಟೆನಲ್ಲ. ನಾಚಿಕೆಯಾಗುತ್ತಿದೆ.

ಮಾರ್ಚ್ 16
ಸಾಹೇಬರಿಗೆ ಹೇಳಿದೆ. "ಕಳ್ಸಿರೋ ರಿಪೋರ್ಟ್ ತಿದ್ದಿದ್ರೆ ನಿಮ್ಮ ಹೆಸರಿಗೇ ಮಸಿ. ನಾಳೆಯಿಂದ ಯಾರು ನಂಬ್ತಾರೆ? ಸುಮ್ನಿರಿ." ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು.
ಸುಮ್ಮನಿರಲು ಆಗುತ್ತಿಲ್ಲ.

ಮಾರ್ಚ್ 19
ವಿಚಾರಣೆಯಲ್ಲಿ ಎದ್ದು ನಿಂತು ಹೇಳಿದೆ. ತಪ್ಪು ನನ್ನದು, ವೇಗ 36. ಬರೀ ದಂಡ ಹಾಕಿದರು, ಲೈಸೆನ್ಸ್ ಉಳಿಯಿತು.
ಹೊರಗೆ ಡ್ರೈವರ್ ಸಿಕ್ಕ. ಬೈಯಲಿ ಅಂತ ನಿಂತೆ. ಬೈಯಲಿಲ್ಲ.
"ಅವತ್ತೇ ಹೇಳಿದ್ನಲ್ಲ ಮೇಡಂ."
"ಹೇಳಿದ್ರಿ. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."
ಹೋಗುತ್ತಿದ್ದವನು ತಿರುಗಿದ. "ಮತ್ತೆ... ಬೇರೆಯವ್ರದ್ದೂ ಹೀಗೇ ಅಳೆದಿದ್ರಾ?"

ಮಾರ್ಚ್ 24, ಬೆಳಗ್ಗೆ
ನಾಲ್ಕು ದಿನ ಆ ಪ್ರಶ್ನೆಗೆ ಬೆನ್ನು ಹಾಕಿ ಓಡಾಡಿದೆ. ಇವತ್ತು ಸ್ಟೋರ್‌ಕೀಪರನಿಂದ ಹಳೇ ಫೈಲುಗಳ ಕೋಣೆಯ ಬೀಗದ ಕೈ ಇಸಿದುಕೊಂಡೆ. ಹನ್ನೆರಡು ವರ್ಷದ ಫೈಲುಗಳು. ಎಲ್ಲದರಲ್ಲೂ ನನ್ನ ಸಹಿ.
ಮೊದಲನೆಯದು: ಇಟ್ಟಿಗೆ ಲಾರಿ, ಹಿಂದಿನಿಂದ ಡಿಕ್ಕಿ. ನಾನು ಬರೆದ ವೇಗ 52. ಚಾಲಕನ ಲೈಸೆನ್ಸ್ ರದ್ದಾಗಿದೆ. ತೂಕದ ಸಾಲಿನಲ್ಲಿ — ಖಾಲಿ ಲಾರಿಯ ತೂಕ.