ಅಪ್ಪ ಉಪವಾಸ ಮುರಿದರು

ಭಾನುವಾರ, ಸಂಜೆ

ಪ್ರೀತಿಯ ಅಕ್ಕಾ,

ಯೇಸುಸ್ವಾಮಿ ನಿನ್ನನ್ನೂ ನಿನ್ನ ವಾರ್ಡಿನ ರೋಗಿಗಳನ್ನೂ ಕಾಯಲಿ. ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಂತೂ ನನ್ನ ಬಾಯಿ ಕಟ್ಟಿಹೋಗುತ್ತದೆ, ನನಗೆ ಮೂಗಿ ಅಂತ ಹೆಸರಿಟ್ಟವಳು ನೀನೇ ಅಲ್ಲವೇ.

ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ, ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಅವಳಿಗೆ ಹಾಲೂ ಸೇರದಾಯಿತು. ಆಗಲೇ ಅಪ್ಪ ಉಪವಾಸ ಹಿಡಿದದ್ದು. "ಅವಳು ತಿನ್ನೋವರೆಗೂ ನಾನೂ ತಿನ್ನಲ್ಲ. ದೇವರು ನೋಡ್ಲಿ." ನೀರು ಕುಡಿದುಕೊಂಡೇ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವುದು, ಬಿಡುವಾದರೆ ಮೈದಾ ಮೂಟೆಗೆ ಹಣೆಯಿಟ್ಟು ಮಂಡಿಯೂರುವುದು. ಕೈಜಾರಿ ಒಂದು ಟ್ರೇ ಬ್ರೆಡ್ಡು ಪೂರ್ತಿ ನೆಲದ ಪಾಲಾಯಿತು. ಪಕ್ಕದ ಮನೆಯ ಟೈಲರ್ ಅತ್ತೆ ಸುಮ್ಮನಿರುತ್ತಾರೆಯೇ? "ನಿಮ್ಮಪ್ಪ ಉಪವಾಸ ಮಾಡ್ತಿದಾರೋ, ದೇವರ ಮೇಲೆ ಮುಷ್ಕರ ಹೂಡಿದಾರೋ?" ಅಮ್ಮ ಮಲಗಿದಲ್ಲೇ ನಕ್ಕು ಅಪ್ಪನಿಗೆ ಹೇಳಿದಳು, "ತಾನೇ ತಿನ್ನದ ಬೇಕರಿಯವನ ಬ್ರೆಡ್ಡು ಯಾರ್ರೀ ಕೊಳ್ತಾರೆ?"

ಗುರುವಾರ ಅವಳೇ ಬ್ರೆಡ್ಡು ಕೇಳಿದಳು. ಅಪ್ಪನ ಎದುರೇ ಇಡೀ ತುಂಡನ್ನು ಹಾಲಿನಲ್ಲಿ ಅದ್ದಿ ತಿಂದಳು. "ಈಗ ನೀವು ತಿನ್ನಿ." ಅಪ್ಪ ಅಳುತ್ತಲೇ ತಿಂದರು. ಅವರು ಬಾಗಿಲು ದಾಟಿದ್ದೇ ತಡ, ಅಮ್ಮ ತಿಂದದ್ದೆಲ್ಲ ಹೊರಗೆ ಬಂತು, ಜೊತೆಗೆ ರಕ್ತ. ನಾನು ಬೆನ್ನು ನೀವುತ್ತಿದ್ದೆ. "ಅಪ್ಪನ ಹತ್ರ ಹೇಳ್ಬೇಡ ಕಣೇ. ದೇವರು ಕೇಳಿಸ್ಕೊಂಡ ಅಂತ ನಂಬಿದಾರೆ. ನಂಬ್ಲಿ ಬಿಡು" ಎಂದಳು. ಆಮೇಲೆ ಏನೂ ತಿಂದಿಲ್ಲ. ಅಪ್ಪ ಕೇಳಿದರೆ "ಆಗ್ಲೇ ಆಯ್ತಲ್ಲ" ಎನ್ನುತ್ತಾಳೆ.

ಇವತ್ತು ಚರ್ಚಿನಲ್ಲಿ ಅಪ್ಪ ಎದ್ದು ನಿಂತು, ದೇವರು ಉಪವಾಸಕ್ಕೆ ಓಗೊಟ್ಟು ಅವಳು ತಿನ್ನುವಂತೆ ಮಾಡಿದನೆಂದು ಸಾಕ್ಷಿ ಹೇಳಿದರು. ಜನ ಹಲ್ಲೆಲೂಯ ಎಂದರು, ಪಾಸ್ಟರು ಅವರನ್ನು ತಬ್ಬಿಕೊಂಡರು. ನನಗೆ ತಲೆಯೆತ್ತಲಾಗಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕರ್ತನ ಸಮಾಧಾನ ನಿನ್ನ ಜೊತೆಗಿರಲಿ.

ನಿನ್ನ
ಮೂಗಿ

ತಾ.ಕ.: ಕವರು ಅಂಟಿಸುವ ಮೊದಲು ತಡೆಯಲಾರದೆ ಅಪ್ಪನಿಗೆ ಹೇಳಿಬಿಟ್ಟೆ. ಹಿಟ್ಟು ನಾದುತ್ತಿದ್ದ ಕೈ ನಿಲ್ಲಲಿಲ್ಲ. "ಗೊತ್ತು ಮಗಳೇ. ಅವತ್ತು ಬಾಗಿಲಾಚೆನೇ ನಿಂತಿದ್ದೆ."

"ಮತ್ತೆ ಚರ್ಚಲ್ಲಿ ಹಾಗೆ ಹೇಳಿದ್ರಲ್ಲ?"

"ಅಷ್ಟು ಕಷ್ಟಪಟ್ಟು ತಿಂದಿದಾಳೆ. ಅದು ಸುಳ್ಳು ಅಂತ ನಾನು ಹೇಗೆ ಹೇಳ್ಲಿ?" ಹಿಟ್ಟನ್ನು ಮಗುಚಿ ಹಾಕುತ್ತಾ ಕೇಳಿದರು, "ನೀನು ಸಾಹಿತ್ಯ ಓದಿದವಳು. ಇನ್ನು ದೇವರ ಹತ್ರ ಏನಂತ ಕೇಳ್ಲಿ? ಒಂದು ಮಾತು ಹೇಳ್ಕೊಡು."

"ಅವಳಿಗೆ ನೋವಾಗದೇ ಇರ್ಲಿ ಅಂತ ಕೇಳಿ ಅಪ್ಪಾ" ಎಂದೆ.

ಅವಳನ್ನು ಉಳಿಸಿಕೊಡು ಎಂದು ಕೇಳುವುದನ್ನು ನಾವಿಬ್ಬರೂ ಅಲ್ಲಿಗೇ ಬಿಟ್ಟೆವು ಅಕ್ಕಾ. ರಜೆ ಕೊಡದಿದ್ದರೂ ಬಾ.