ಎರಡು ಕರಟದ ನೀರು

ಕೇಣಿ, ಅಂಕೋಲಾ
೧೨-೧೧-೨೦೨೪, ಮಂಗಳವಾರ

ನನ್ನ ಮುದ್ದಿನ ನಾಗಶ್ರೀಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಧಾರವಾಡದಲ್ಲಿ ಚಳಿ ಶುರುವಾಗಿರಬೇಕು. ಲ್ಯಾಬಿನಲ್ಲಿ ಕೂತು ಊಟ ಮರೆಯಬೇಡ. ಒಣಸಿಗಡಿ ಚಟ್ನಿ ಡಬ್ಬಿಯಲ್ಲೇ ಹಾಳಾದರೆ ನಿನ್ನ ಆಯಿ ನನ್ನ ಮೇಲೆ ಹಾರಾಡುತ್ತಾಳೆ. ನಾವು ಕ್ಷೇಮ. ಬಂಗಡೆ ಚೆನ್ನಾಗಿ ಬೀಳುತ್ತಿದೆಯಂತೆ. ನಾನು ಅಂಗಳದಲ್ಲಿ ಕೂತು ಬಲೆ ಹೊಲಿಯುತ್ತ ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದೇನೆ, ಕೇಳುವವರಿಲ್ಲ.

ಶುಕ್ರವಾರ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಿಂದ ಹೋಗಿಲ್ಲ. ನಾಲ್ಕು ವರ್ಷ ಕಷ್ಟಪಟ್ಟು ಮಾಡಿದ, ಗಾಯದ ಮೇಲೆ ಹಾಳೆಯಂತೆ ಹಚ್ಚುವ ಜೆಲ್ಲು. ಕಾರವಾರದ ಆಸ್ಪತ್ರೆಯಲ್ಲಿ ಹಚ್ಚಿಸಿಕೊಂಡ ಉಳಿದ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಮಾಯುತ್ತಿದೆ, ಕೇಣಿಯ ನಮ್ಮ ಮೂವರದು ಮಾತ್ರ ಇಲ್ಲ. ಬರುವ ಸೋಮವಾರ ಹೀಗೇ ವರದಿ ಕೊಟ್ಟರೆ ನಿನ್ನ ಗೈಡ್ ಮೇಡಂ ಈ ಕೆಲಸವನ್ನೇ ನಿಲ್ಲಿಸುತ್ತಾರೆ ಅಂತ ನೀನಂದೆ. ಜೆಲ್ಲನ್ನು ಮೊದಲ ಸಲ ತೋರಿಸಿದಾಗ ಹೇಳಿದ್ದೆಯಲ್ಲ, "ಅಪ್ಪಾ, ಇದು ಕಡಲ ಪಾಚಿಯಿಂದ್ಲೇ ಮಾಡಿದ್ದು. ನೀರು ಹಿಡ್ಕೊಂಡು ಉಬ್ತದೆ, ಒಳಗಿನ ಮದ್ದನ್ನ ಐದು ದಿನ ಚೂರುಚೂರೇ ಬಿಡ್ತದೆ" ಅಂತ. ನಿನ್ನ ಆಯಿ ಸಾರಿಗೆ ಉಪ್ಪನ್ನೂ ಒಂದೇ ಸಲ ಸುರಿಯುವವಳು, ಈ ತಾಳ್ಮೆ ನಿನಗೆ ಯಾರಿಂದ ಬಂತೋ ಅಂತ ನಕ್ಕಿದ್ದೆ. ಹೆಮ್ಮೆಯಿಂದ ನಕ್ಕಿದ್ದು, ಆಗ ಹೇಳಲಿಲ್ಲ.

ಜೆಲ್ಲಿಗೆ ನೀರು ತಾಗಿಸಬೇಡ ಅಂತ ನೀನಂದಿದ್ದೆ. ಕಾಲಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡೇ ಮೀಯುತ್ತೇನೆ. ಬಾವಿ ನೀರು ಒಂದು ಹನಿಯೂ ತಾಗಿಲ್ಲ, ಬೇಕಾದರೆ ಆಯಿಯನ್ನೇ ಕೇಳು.

ಹೊತ್ತಿಗೆ ಸರಿಯಾಗಿ ಮಲಗು. ಕಡಲಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ತುಳಸಿದಾಸ

ಮತ್ತೆ ಮಗಳೇ, ಈ ಪತ್ರ ಒಯ್ಯುವ ಟೆಂಪೋ ರೋಷನ ಧಾರವಾಡಕ್ಕೆ ಹೊರಟು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಫೋನಿನಲ್ಲಾದರೆ ನೀನು ಪೂರ್ತಿ ಹೇಳಲು ಬಿಡದೆ ಬೈಯುತ್ತೀಯ. ನಾನು, ಜಟ್ಟಪ್ಪ, ರಾಮಾ ಮೂವರೂ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಕಾಲನ್ನು ಕಡಲಲ್ಲಿ ಅದ್ದಿ ಬರುತ್ತಿದ್ದೆವು. ಗಾಯಕ್ಕೆ ಕಡಲ ನೀರೇ ಮದ್ದು ಅಂತ ಅಜ್ಜನ ಕಾಲದಿಂದ ನಡೆದು ಬಂದದ್ದು. ಕಡಲನ್ನು ನಾವು ನೀರು ಅಂತ ಎಣಿಸಿದವರೇ ಅಲ್ಲ. ನೀನು ಅತ್ತ ಮೇಲೆ ಸಂಶಯ ಬಂತು. ಶನಿವಾರ ಹೊಸದು ಹಚ್ಚುವಾಗ ನರ್ಸಮ್ಮ ಕತ್ತರಿಸಿದ ಜೆಲ್ಲಿನ ಅಂಚನ್ನು ಕೇಳಿ ತಂದು ಎರಡು ಕರಟದಲ್ಲಿ ಹಾಕಿಟ್ಟೆ. ಬಾವಿ ನೀರಿನದು ಉಬ್ಬಿಕೊಂಡು ಗಟ್ಟಿಯಾಗೇ ಇದೆ. ಕಡಲ ನೀರಿನದು ಮಾರನೇ ದಿನಕ್ಕೆ ಗಂಜಿಯಾಯಿತು. ನಿನ್ನನ್ನು ಅಳಿಸಿದ್ದು ನಾನು. ಜೆಲ್ಲು ಸೋತಿತು ಅಂತ ಬರೆಯಬೇಡ, ನಮ್ಮ ಮೂವರ ತಪ್ಪು ಬರೆ. ಶನಿವಾರದಿಂದ ಯಾರೂ ಕಡಲಿಗೆ ಇಳಿದಿಲ್ಲ. ಇವತ್ತಿಗೆ ಮೂರು ದಿನ, ಜೆಲ್ಲು ಹಚ್ಚಿದ ಜಾಗದಲ್ಲೇ ಇದೆ.