ಮುಚ್ಚಿದ ಅಂಗಡಿಗಳ ಪುಸ್ತಕ

ಕೋಥರೂಡ, ಪುಣೆ
೧೯ ಜನವರಿ ೨೦೨೫

ಪ್ರೀತಿಯ ಮಗಳು ಶರ್ವರಿಗೆ, ನಿನ್ನ ಮಾವನ ಮನಸಾರೆ ಆಶೀರ್ವಾದ.

ಹೇಗಿದ್ದೀ? ಬೆಳಗಾವಿಯಲ್ಲಿ ಈ ಸಲ ಚಳಿ ಜೋರು ಎಂದು ಕೇಳಿದೆ. ಮಂಜರಿಯ ಕೆಮ್ಮು ನಿಂತಿತೇ? ಕಿವಿ ಮುಚ್ಚುವ ಹಾಗೆ ಅವಳಿಗೆ ಟೊಪ್ಪಿಗೆ ಹಾಕು. ಕಿತ್ತು ಎಸೆಯುತ್ತಾಳೆ, ಗೊತ್ತು, ಮತ್ತೆ ಹಾಕು. ನಿಮ್ಮತ್ತೆಯ ಮೊಣಕಾಲು ನೋವು ಹಾಗೇ ಇದೆ. ನಮ್ಮ ಋಷಿಕೇಶ ಹೋದ ಮೇಲೆ ಯಾವ ಹಬ್ಬವೂ ಬೇಡ ಎನ್ನುವವಳು, ಮೊನ್ನೆ ಸಂಕ್ರಮಣಕ್ಕೆ ಮೊಮ್ಮಗಳ ನೆನಪಾಗಿ ಒಲೆಯ ಮುಂದೆ ಕೂತು ಒಂದು ಡಬ್ಬಿ ಕುಸರೆಳ್ಳು ಮಾಡಿದಳು. ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಾವಿಬ್ಬರೂ ಮಂಜರಿಯ ಊಟದ ಮಾತಾಡಿ ಇಟ್ಟುಬಿಡುತ್ತೇವೆ.

ಋಷಿಯ ಪುಸ್ತಕದಂಗಡಿಯನ್ನು ಹೋದ ವಾರ ಮುಚ್ಚಿದೆನವ್ವಾ. ಆ ಶ್ರಾವಣದಲ್ಲಿ ಡೆಂಗ್ಯೂ ಜ್ವರ ಅವನನ್ನು ಒಯ್ದ ಮೇಲೆ ನಾನೇ ಬೆಳಿಗ್ಗೆ ಹೋಗಿ ಶಟರ್ ಎತ್ತಿ ಕೂಡುತ್ತಿದ್ದೆನಲ್ಲ, ಅದು ವ್ಯಾಪಾರಕ್ಕಲ್ಲ. ಅಲ್ಲಿ ಕೂತರೆ ಅವನು ಚಹಾ ಕುಡಿಯಲು ಹೋಗಿದ್ದಾನೆ, ಇನ್ನೇನು ಬಂದಾನು ಅನ್ನಿಸುತ್ತಿತ್ತು. ವಿಷಯ ಗೊತ್ತಿಲ್ಲದ ಗಿರಾಕಿ ಬಂದು ಕೇಳಿದರೆ "ಹೊರಗ ಹೋಗ್ಯಾನ್ರಿ" ಎನ್ನುತ್ತಿದ್ದೆ. ಮರಾಠಿಯವರಾದರೆ "ಬಾಹೇರ್ ಗೇಲಾಯ್". ಸುಳ್ಳು ಹೇಳಿದಂತೆ ಒಮ್ಮೆಯೂ ಅನ್ನಿಸಲಿಲ್ಲ.

ಅದೆಂಥ ಅಂಗಡಿ! ಕಾದಂಬರಿ ಇಲ್ಲ, ಪಂಚಾಂಗವೂ ಇಲ್ಲ. ಬರೀ ವ್ಯಾಪಾರ, ಉದ್ಯಮ, ತೆರಿಗೆ, ರಫ್ತಿನ ಪುಸ್ತಕ. ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರಬೇಕೆನ್ನುವ ಹೆಣ್ಣುಮಗಳು ಬರುತ್ತಿದ್ದಳು. ಮಗರಪಟ್ಟಾದ ಐಟಿ ನೌಕರಿ ಬಿಟ್ಟು ಸ್ವಂತ ಕಂಪನಿ ತೆಗೆಯಲು ಹೊರಟವರು ಬರುತ್ತಿದ್ದರು. ಅವರಿಗೆಲ್ಲ ಪುಸ್ತಕ ಮಾರುತ್ತ ಮಾರುತ್ತ ಋಷಿಗೆ ಒಂದು ಕೊರಗು ಹತ್ತಿತ್ತು. "ಅಪ್ಪಾ, ಇಷ್ಟೆಲ್ಲಾದರಾಗ ಬರೇ ಗೆದ್ದವರ ಕಥಿ ಅವ. ಅಂಗಡಿ ಮುಚ್ಚಿದವರು ಆಮ್ಯಾಲೆ ಹೆಂಗ ಬದುಕಿದ್ರು ಅಂತ ಯಾರೂ ಬರದಿಲ್ಲ" ಎಂದು ತಾನೇ ಬರೆಯತೊಡಗಿದ. ಊಟದ ಮೇಜಿನ ಮುಂದೆ ಕೂತು ನೀನು ಅದನ್ನು ಟೈಪ್ ಮಾಡುತ್ತಿದ್ದೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ಮುದುಕನ ಚಾಳಿ, ತಾಳಿಕೋ.

ಸಂಕ್ರಮಣಕ್ಕೂ ಮೊದಲು ಒಂದು ದಿನ ಅಂಗಡಿಗೆ ಫೋನು ಬಂತು. ಭುಜಂಗ ಶೆಟ್ಟರು ಅಂತ, ಉಡುಪಿ ಕಡೆಯವರು, ಕೊಂಢವಾದಲ್ಲಿ ಮನೆ. ಅವರ ತಂದೆ ಕಟ್ಟಿದ ಹೋಟೆಲನ್ನು ಕೊರೊನಾ ಕಾಲದ ಪೆಟ್ಟು ತಾಳಲಾರದೆ ಮುಚ್ಚಿದ್ದರು. ಅವರ ಕಥೆ ಕೇಳಲು ಬರುತ್ತೇನೆಂದು ಋಷಿ ಮಾತು ಕೊಟ್ಟಿದ್ದನಂತೆ. ಅಷ್ಟರಲ್ಲಿ ಅವರು ಊರಿಗೆ ಹೋಗಿ ವರ್ಷದ ಮೇಲೆ ಅಲ್ಲೇ ಇದ್ದು ಈಗ ಮರಳಿದ್ದಾರೆ. "ನಿಮ್ಮ ಹುಡುಗ ಬರ್ತೇನೆ ಅಂದವ ಬರ್ಲೇ ಇಲ್ಲ ಮಾರಾಯ್ರೇ" ಎಂದರು. ಇದ್ದದ್ದನ್ನು ಹೇಳುವ ಬದಲು "ನಾನ ಬರ್ತೀನ್ರಿ" ಎಂದೆ.

ಬಸ್ಸು ಹಿಡಿದು ಹೋದೆ. ಅವರ ಹೆಂಡತಿ ಹರಿಣಾಕ್ಷಿಯವರು ನೀರುದೋಸೆ ಹಾಕಿಕೊಟ್ಟರು. ಭುಜಂಗರು ನಾಚುತ್ತ ನಾಚುತ್ತ ಹೇಳಿದರು. ಹೋಟೆಲು ಮುಚ್ಚಿದ ಮೇಲೂ ಅವರು ಬೋರ್ಡು ತೆಗೆದಿರಲಿಲ್ಲ. ಹಳೆಯ ಗಿರಾಕಿಗಳು ಬೆಳಿಗ್ಗೆ ಎಂದಿನಂತೆ ಬಂದು ನಿಲ್ಲುವರು. ಮುಚ್ಚಿದೆ ಎನ್ನಲು ಬಾಯಿ ಬಾರದೆ, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು ಅರ್ಧ ಎತ್ತಿದ ಶಟರಿನ ಕೆಳಗೆ ನಿಂತು ಕೊಡುತ್ತಿದ್ದರಂತೆ. ಕೊನೆಗೆ ಹರಿಣಾಕ್ಷಿಯವರೇ ಹೋಗಿ ಬಂದ ಬಂದವರಿಗೆಲ್ಲ ಕೈಮುಗಿದು ಹೇಳಿದರಂತೆ, ಹೋಟೆಲು ಮುಚ್ಚಿತು, ಇಷ್ಟು ವರ್ಷ ಬಂದಿರಿ, ಉಪಕಾರವಾಯಿತು ಎಂದು. "ತೆರೆಯುವಾಗ ಎಲ್ಲರನ್ನೂ ಕರೆದು ಹೇಳಿದ್ದು ನಾವೇ ಅಲ್ವಾ? ಮುಚ್ಚಿದ್ದನ್ನೂ ನಾವೇ ಹೇಳ್ಬೇಕು. ಅವರನ್ನು ಎಷ್ಟು ದಿನ ಅಂತ ಬಾಗಿಲಲ್ಲಿ ನಿಲ್ಲಿಸುದು?" ಎಂದರು ನನಗೆ.

ಆಮೇಲೆ ಅವರೇ ಕೇಳಿದರು, ಮಗ ಯಾಕೆ ಬರಲಿಲ್ಲ ಎಂದು. "ನನ್ನ ಮಗ ತೀರಿಕೊಂಡಾನ್ರಿ" ಎಂದೆ. ನಾನೇ ಬಾಯಿಬಿಟ್ಟು ಆ ಮಾತು ಆಡಿದ್ದು ಅದೇ ಮೊದಲು, ಶರ್ವರಿ. ಸುಡುಗಾಡಿನಲ್ಲಿ ಆಡಿರಲಿಲ್ಲ, ನಿನ್ನೆದುರಿಗೂ ಆಡಿರಲಿಲ್ಲ. ಹರಿಣಾಕ್ಷಿಯವರು ಗ್ಯಾಸು ಆರಿಸಿ ಬಂದು ಕೂತರು. ಭುಜಂಗರು ನನ್ನ ಕೈ ಹಿಡಿದುಕೊಂಡರು. ಪರಿಚಯವಿಲ್ಲದವರ ಮನೆಯಲ್ಲಿ, ದೋಸೆಯ ತಟ್ಟೆ ಮುಂದಿಟ್ಟುಕೊಂಡು, ನಾನು ದನಿ ತೆಗೆದು ಅತ್ತೆ.

ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಇದ್ದದ್ದನ್ನೇ ಹೇಳಿದೆ. ಬೇಕಾದ ಪುಸ್ತಕ ಆರಿಸಿಕೊಂಡು ಹೋಗಿರಿ ಎಂದೆ. ಉಪ್ಪಿನಕಾಯಿಯ ಹೆಣ್ಣುಮಗಳು ಏನನ್ನೂ ಒಯ್ಯಲಿಲ್ಲ. ಋಷಿ ಕೂಡುತ್ತಿದ್ದ ಕುರ್ಚಿಯನ್ನು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಉಳಿದವನ್ನು ಗೆಳೆಯ ಈರಬಸಪ್ಪ ಕನ್ನಡ ಸಂಘದ ವಾಚನಾಲಯಕ್ಕೆ ಸಾಗಿಸಿದ. ಕಡೆಯ ದಿನ ಶಟರನ್ನು ಅರ್ಧ ಎಳೆದು ನಿಂತೆ. ಪಕ್ಕದ ಝೆರಾಕ್ಸ್ ಅಂಗಡಿಯ ಸ್ವಪ್ನಿಲ್ ಬಂದು, "ಕಾಕಾ, ಥಾಂಬಾ", ತಡೀರಿ ಎಂದು ಇನ್ನೊಂದು ಬದಿ ಹಿಡಿದ. ಇಬ್ಬರೂ ಸೇರಿ ಇಳಿಸಿದೆವು. ಮನೆಗೆ ಬಂದು ನಿಮ್ಮತ್ತೆಗೆ ಹೇಳಿದರೆ, "ಛಲೋ ಆತು, ಇನ್ನ ಹೊತ್ತಿಗೆ ಸರಿಯಾಗಿ ಉಣ್ರಿ" ಎಂದಳು, ಅಷ್ಟೇ. ಬಡಿಸುವಾಗ ತಟ್ಟೆ ಮಾತ್ರ ಮೂರು ಹಾಕಿದ್ದಳು.

ಭುಜಂಗರು ಹೇಳಿದ್ದನ್ನು ನನಗೆ ಬಂದ ಹಾಗೆ ಬರೆದು ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಋಷಿಯಂತೆ ಬರೆಯಲು ನನಗಾಗದು. ಓದಬೇಕು ಅನ್ನಿಸಿದ ದಿನ ಓದು. ಅನ್ನಿಸದಿದ್ದರೆ ಹಾಗೇ ಇರಲಿ.

ನಿಮ್ಮ ತಂದೆತಾಯಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಮಂಜರಿಯ ಎರಡೂ ಕೆನ್ನೆಗೆ ಅಜ್ಜನ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಮಾವ,
ಪ್ರಲ್ಹಾದ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಂದೆಯವರು ಫೋನು ಮಾಡಿದ್ದರು. ನೀನು ಕಲಿಸುವ ಶಾಲೆಯ ಆ ಮಾಸ್ತರರು ಮದುವೆಗೆ ಕೇಳಿದ್ದಾರೆಂದೂ, ನಿನಗೆ ಮನಸ್ಸಿದ್ದರೂ ನಮ್ಮಿಬ್ಬರ ಮುಖ ನೋಡಿ ಬೇಡ ಎಂದಿದ್ದೀಯೆಂದೂ ಹೇಳಿದರು. ಹೂಂ ಅನ್ನು, ಮಗಳೇ. ನಿಮ್ಮತ್ತೆಗೆ ಹೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ ಅವಳೇ ಹೂಂ ಅಂತ ಬರೀರಿ ಎಂದಳು. ಮದುವೆಗೆ ಇಬ್ಬರೂ ಬರುತ್ತೇವೆ. ಇನ್ನೊಂದು ಮಾತು. ಮುಂದೆ ನಾವು ಎದುರಿಗಿದ್ದಾಗ ಮಂಜರಿ ಆ ಮಾಸ್ತರರನ್ನು ಅಪ್ಪ ಎಂದು ಕರೆದರೆ, ನೀನು ಅವಳನ್ನು ತಡೆಯಬೇಡ.